ಸಂದಣಿಯಲ್ಲಿ ಒಂದೇ ಒಂದು ಅಣು

ದೀಪಾವಳಿಯ ಹಿಂದುಮುಂದಿನ ರಾತ್ರಿಗಳಲ್ಲಿ ದಾವಣಗೆರೆಯ ಮಂಡಿಪೇಟೆಯನ್ನು ದೂರದ ಮಹಡಿಯೊಂದರ ಮೇಲಿಂದ, ಮಂಜು ಹಿಡಿದ ಕನ್ನಡಕದಲ್ಲಿ ನೋಡಿದರೆ ಅಂಗಡಿ ಸಾಲುಗಳ ದೀಪಗಳೆಲ್ಲ ಕಲೆತು ಬೆಳಕಿನ ಒಂದು ದಪ್ಪ ಪಟ್ಟೆಯಷ್ಟೇ ಕಾಣುತ್ತದೆ. ಒಂದು ಅಂಗಡಿ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು, ಯಾರು ಹತ್ತು ಬಲ್ಬು ಕಟ್ಟಿದ್ದಾರೆ, ಯಾರು ನೂರು ಕಟ್ಟಿದ್ದಾರೆ, ಒಂದೂ ತಿಳಿಯದು. ಈಗ ಪೇಟೆಯವರೆಲ್ಲ ಮಾತಾಡಿಕೊಂಡು ದೀಪ ಆರಿಸಿ, ಒಂದೊಂದೇ ಬಲ್ಬನ್ನು ಕ್ಷಣಹೊತ್ತು ಹೊತ್ತಿಸಿ ಆರಿಸುತ್ತ ಹೋದರು ಎಂದುಕೊಳ್ಳೋಣ. ಕನ್ನಡಕದ ಮಂಜು ಹೋಗಿಲ್ಲ. ಒಂಟಿ ಬಲ್ಬು ಈಗಲೂ ಊದಿಕೊಂಡ ಬೆಳಕಿನ ಉಂಡೆಯೇ. ಆದರೆ ಉಂಡೆ ಒಂದೇ ಇರುವಾಗ ಅದರ ನಟ್ಟನಡು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದು. ಅಲ್ಲೊಂದು ಚುಕ್ಕೆ, ಮುಂದಿನ ಬಲ್ಬಿಗೆ ಇನ್ನೊಂದು ಚುಕ್ಕೆ. ಬೆಳಗಾಗುವಷ್ಟರಲ್ಲಿ ಕಾಗದದ ಮೇಲೆ ಪೇಟೆಯ ನಕ್ಷೆ ಸಿದ್ಧ. ಅದೂ ಆ ಕನ್ನಡಕದ ತಾಕತ್ತನ್ನು ಮೀರಿದ ನಕ್ಷೆ.

2014ರ ರಸಾಯನಶಾಸ್ತ್ರದ ನೊಬೆಲ್ ಹೆಚ್ಚುಕಡಿಮೆ ಈ ಉಪಾಯಕ್ಕೇ ಸಂದಿತು. ಎರಿಕ್ ಬೆಟ್ಜಿಗ್, ಡಬ್ಲ್ಯು. ಇ. ಮೋರ್ನರ್ ಈ ದಾರಿಯವರು. ಅವರೊಂದಿಗೆ ಪ್ರಶಸ್ತಿ ಹಂಚಿಕೊಂಡ ಸ್ಟೆಫಾನ್ ಹೆಲ್ ಬೇರೊಂದು ದಾರಿಯಿಂದ ಅದೇ ಊರು ಸೇರಿದವರು. ಬಲ್ಬಿನ ಜಾಗದಲ್ಲಿ ಇಲ್ಲಿರುವುದು ಜೀವಕೋಶದ ಪ್ರೋಟೀನಿಗೆ ಅಂಟಿಸಿದ ಹೊಳೆಯುವ ಅಣು. ಮಂಜು ಹಿಡಿದ ಕನ್ನಡಕದ ಜಾಗದಲ್ಲಿ ದುಡ್ಡಿಗೆ ಸಿಗುವ ಅತ್ಯುತ್ತಮ ಸೂಕ್ಷ್ಮದರ್ಶಕ.

ಅತ್ಯುತ್ತಮ ಸೂಕ್ಷ್ಮದರ್ಶಕವೂ ಮಂಜೇ ಏಕೆ? ಬೆಳಕು ಅಲೆಯಾಗಿ ಹರಡುತ್ತದೆ, ಅದಕ್ಕೆ. ಜರ್ಮನಿಯ ಅರ್ನ್ಸ್ಟ್ ಅಬ್ಬೆ 1873ರಲ್ಲೇ ಲೆಕ್ಕ ಹಾಕಿ ಹೇಳಿದ: ಮಸೂರವನ್ನು ಎಷ್ಟೇ ನುಣ್ಣಗೆ ತಿಕ್ಕಿದರೂ, ಬೆಳಕಿನ ಅಲೆಯ ಉದ್ದದ ಸುಮಾರು ಅರ್ಧಕ್ಕಿಂತ ಹತ್ತಿರವಿರುವ ಎರಡು ಬಿಂದುಗಳು ಒಂದೇ ಆಗಿ ಕಾಣುತ್ತವೆ. ಹಸಿರು ಬೆಳಕಿಗೆ ಇದು 200 ನ್ಯಾನೊಮೀಟರಿನ ಆಸುಪಾಸು. ಮೇಲಿಂದ ಕೆಳಕ್ಕೆ, ಅಂದರೆ ಆಳದ ದಿಕ್ಕಿನಲ್ಲಿ, ಪರಿಸ್ಥಿತಿ ಇನ್ನೂ ಕಷ್ಟ: 500 ನ್ಯಾನೊಮೀಟರಿಗಿಂತ ಹೆಚ್ಚು. ಅಂಬಲಿ ಮೀನಿನಿಂದ ಬಂದ ಹಸಿರು ಪ್ರತಿದೀಪ್ತ ಪ್ರೋಟೀನಿನ ಉದ್ದ ನಾಲ್ಕು ನ್ಯಾನೊಮೀಟರು ಚಿಲ್ಲರೆ. ಒಂದು ಮಸುಕು ಚುಕ್ಕೆಯ ಹೊಟ್ಟೆಯೊಳಗೆ ಅಂಥ ಸಾವಿರಾರು ಅಣುಗಳು ಆರಾಮವಾಗಿ ಕೂರಬಹುದು.

ಒಂಟಿ ಚುಕ್ಕೆಯ ನಡುವನ್ನು ಎಷ್ಟು ನಿಖರವಾಗಿ ಗುರುತಿಸಬಹುದು ಎಂಬುದಕ್ಕೂ ಲೆಕ್ಕವಿದೆ. ಅಣುವಿನಿಂದ ಕ್ಯಾಮೆರಾಕ್ಕೆ ಬಂದ ಫೋಟಾನುಗಳ ಸಂಖ್ಯೆಯ ವರ್ಗಮೂಲದಷ್ಟು ಪಟ್ಟು ನಿಖರತೆ ಏರುತ್ತದೆ. ನೂರು ಫೋಟಾನು ಸಿಕ್ಕರೆ ಹತ್ತು ಪಟ್ಟು, ಹತ್ತು ಸಾವಿರ ಸಿಕ್ಕರೆ ನೂರು ಪಟ್ಟು. ಹಿನ್ನೆಲೆಯ ಬೆಳಕು, ಕ್ಯಾಮೆರಾದ ಗದ್ದಲ ಇದರಲ್ಲಿ ಒಂದಷ್ಟನ್ನು ತಿಂದುಹಾಕಿದರೂ ಹತ್ತಿಪ್ಪತ್ತು ನ್ಯಾನೊಮೀಟರಿನ ಮಟ್ಟ ಮುಟ್ಟುವುದು ಈಗ ದಿನನಿತ್ಯದ ಕೆಲಸ.

ಮೋರ್ನರ್ 1989ರಲ್ಲಿ ಕ್ಯಾಲಿಫೋರ್ನಿಯಾದ ಐಬಿಎಂ ಪ್ರಯೋಗಾಲಯದಲ್ಲಿ, ಅತಿಶೀತದಲ್ಲಿಟ್ಟ ಹರಳಿನೊಳಗಿನ ಒಂದೇ ಒಂದು ಅಣು ಬೆಳಕನ್ನು ಹೀರುವುದನ್ನು ಅಳೆದು ತೋರಿಸಿದ್ದರು. 1997ರಲ್ಲಿ ಅವರ ತಂಡಕ್ಕೇ ಕಂಡದ್ದು ಹಸಿರು ಪ್ರೋಟೀನಿನ ಒಂದು ರೂಪ ಮಿಣುಕಿ ಆರಿ, ಬೇರೆ ಬಣ್ಣದ ಬೆಳಕು ಬಿಟ್ಟರೆ ಮತ್ತೆ ಹೊತ್ತಿಕೊಳ್ಳುವ ಗುಣ. ಸ್ವಿಚ್ಚು ಸಿಕ್ಕಿತ್ತು. ಅತ್ತ ಬೆಟ್ಜಿಗ್ ಬೆಲ್ ಲ್ಯಾಬ್ಸ್ ಬಿಟ್ಟು, 1995ರಲ್ಲಿ ಉಪಾಯವನ್ನು ಕಾಗದದ ಮೇಲೆ ಬರೆದು, ಮಿಷಿಗನ್ನಿನಲ್ಲಿ ತಂದೆಯ ಯಂತ್ರೋಪಕರಣ ಕಂಪನಿ ಸೇರಿಬಿಟ್ಟಿದ್ದರು. ಕಾರು ಕಾರ್ಖಾನೆಗಳಿಗೆ ಯಂತ್ರ ಕಟ್ಟಿಕೊಡುವ ಕಸುಬು; 1941ರಿಂದ ಮೈಸೂರು ಕಿರ್ಲೋಸ್ಕರ್ ಲೇತುಗಳನ್ನು ಕಂಡ ಹರಿಹರದವರಿಗೆ ಬಿಡಿಸಿ ಹೇಳಬೇಕಿಲ್ಲ. ಅಲ್ಲಿಂದ ವಿಜ್ಞಾನಕ್ಕೆ ಮರಳಿದ ಮೇಲೆ ಗೆಳೆಯ ಹರಾಲ್ಡ್ ಹೆಸ್ ಜೊತೆ, ಹೆಸ್ ಅವರ ಮನೆಯ ಹಜಾರದಲ್ಲೇ ಮೊದಲ ಉಪಕರಣ ಜೋಡಿಸಿದರು. ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಅದೇ ವರ್ಷ ಹಾರ್ವರ್ಡಿನ ಶಿಯಾವೊವೆಯ್ ಜುವಾಂಗ್ ತಂಡ, ಮೇನ್ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಹೆಸ್ ತಂಡ ಇದೇ ತತ್ವವನ್ನು ಸ್ವತಂತ್ರವಾಗಿ ಮುಂದಿಟ್ಟವು. ಪಾಮ್, ಸ್ಟಾರ್ಮ್ ಎಂಬ ಹೆಸರುಗಳು ಈ ವಿಧಾನಕ್ಕೆ ಬಂದದ್ದು ಆಗ.

ಬೆಟ್ಜಿಗ್ ತಂಡದ ಮೊದಲ ಚಿತ್ರಗಳಿಗೆ ಹಿಡಿದ ಹೊತ್ತು ಗಂಟೆಗಟ್ಟಲೆ. ಕಥೆಯ ಗಂಟು ಇರುವುದೇ ಇಲ್ಲಿ. ನೊಬೆಲ್ ಬಂದ ಕಾರಣ ಜನಪ್ರಿಯ ಲೇಖನಗಳು ಅಬ್ಬೆಯ ಗೋಡೆ ಒಡೆದ ಸಂಭ್ರಮದಲ್ಲೇ ಮುಗಿಯುತ್ತವೆ. ಗೋಡೆ ಒಡೆದದ್ದಕ್ಕೆ ತೆತ್ತ ಬೆಲೆ ಯಾವುದು ಎಂದು ಯಾರೂ ಕೇಳುವುದಿಲ್ಲ. ಬೆಲೆ ಸಮಯ. ಒಂದು ಚಿತ್ರಕ್ಕೆ ಸಿಗುವ ಅಣುಗಳು ವಿರಳವಾಗಿರಲೇಬೇಕು ಎಂಬ ಷರತ್ತು ಇರುವವರೆಗೆ ಈ ಬೆಲೆ ಇಳಿಯುವುದಿಲ್ಲ.

ಕೈಲೆಕ್ಕ ಮಾಡಿ ನೋಡಬಹುದು. 20 ನ್ಯಾನೊಮೀಟರಿನ ವಿವರ ಕಾಣಬೇಕಾದರೆ ಕನಿಷ್ಠ 10 ನ್ಯಾನೊಮೀಟರಿಗೊಂದು ಚುಕ್ಕೆ ಬೇಕು. ಅಂದರೆ ಒಂದು ಚದರ ಮೈಕ್ರೊಮೀಟರಿನಲ್ಲಿ ನೂರು ಗುಣಿಸು ನೂರು, ಹತ್ತು ಸಾವಿರ ಚುಕ್ಕೆ. ಮಸುಕು ಉಂಡೆಯ ಅಗಲ 250 ನ್ಯಾನೊಮೀಟರಿನಷ್ಟಿರುವುದರಿಂದ, ಉಂಡೆಗಳು ಒಂದಕ್ಕೊಂದು ತಾಗದಂತೆ ಇರಬೇಕಾದರೆ ಒಂದು ಚದರ ಮೈಕ್ರೊಮೀಟರಿಗೆ ಒಂದು ಸಲಕ್ಕೆ ಒಂದು ಅಣು ಹೊಳೆಯಬಹುದು; ಎರಡಾದರೆ ಅಪಾಯ. ಹಾಗಾದರೆ ಹತ್ತು ಸಾವಿರ ಚುಕ್ಕೆಗೆ ಹತ್ತು ಸಾವಿರ ಚಿತ್ರ. ಚಿತ್ರವೊಂದಕ್ಕೆ 20 ಮಿಲಿಸೆಕೆಂಡಾದರೂ ಮೂರು ನಿಮಿಷ ದಾಟಿತು. ಇದು ಎಲ್ಲವೂ ನಿಯಮದಂತೆ ನಡೆದಾಗ. ಅಣುಗಳು ಸರತಿಯಲ್ಲಿ ಮಿಣುಕುವುದಿಲ್ಲ, ತಮಗೆ ತೋಚಿದಾಗ ಮಿಣುಕುತ್ತವೆ. ಕೆಲವು ನಾಲ್ಕಾರು ಸಲ ಹೊತ್ತಿಕೊಳ್ಳುತ್ತವೆ, ಕೆಲವು ಒಮ್ಮೆಯೂ ಇಲ್ಲ. ಹಾಗಾಗಿ ಹತ್ತಾರು ಸಾವಿರ ಚಿತ್ರ ಮಾಮೂಲು. ಅಷ್ಟು ಹೊತ್ತು ಜೀವಂತ ಕೋಶ ಮಿಸುಕಾಡದೆ ಕೂರುತ್ತದೆಯೇ? ಅದರ ಪ್ರೋಟೀನುಗಳು ಅಷ್ಟರಲ್ಲಿ ಎಲ್ಲಿಂದೆಲ್ಲಿಗೋ ಹೋಗಿರುತ್ತವೆ. ಲೇಸರಿನ ಏಟಿಗೆ ಕೋಶವೂ ನಲುಗುತ್ತದೆ, ಬಣ್ಣದ ಅಣುಗಳೂ ಒಂದೊಂದಾಗಿ ಸುಟ್ಟುಹೋಗುತ್ತವೆ.

ಇಷ್ಟು ಪಾಡು ಪಡುವ ಅಗತ್ಯವಾದರೂ ಏನು ಎಂಬುದಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನ ಕೇಂದ್ರದ ಕಡೆ ನೋಡಬಹುದು. ಅಲ್ಲಿನ ದೀಪಕ್ ನಾಯರ್ ಅವರ ಪ್ರಯೋಗಾಲಯದ ಕಸುಬೇ ಸಿನಾಪ್ಸುಗಳನ್ನು ಈ ವಿಧಾನದಲ್ಲಿ ನೋಡುವುದು. ಸಿನಾಪ್ಸ್ ಎಂದರೆ ಮೆದುಳಿನ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ದಾಟಿಸುವ ಕೂಡುತಾಣ. ಅದರ ಒಟ್ಟು ಅಗಲವೇ ಒಂದು ಮೈಕ್ರೊಮೀಟರಿನೊಳಗೆ. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಅದು ಮೂರ್ನಾಲ್ಕು ಮಸುಕು ಚುಕ್ಕೆಗಳಷ್ಟು ಅಗಲದ ಒಂದು ಗುಡ್ಡೆ, ಅಷ್ಟೇ. ನಾಯರ್ ಫ್ರಾನ್ಸಿನ ಬೋರ್ಡೊದಲ್ಲಿ ಡೇನಿಯಲ್ ಶೋಕೆ ಅವರ ತಂಡದಲ್ಲಿದ್ದಾಗ ಮೊದಲ ಲೇಖಕರಾಗಿ 2013ರಲ್ಲಿ ಪ್ರಕಟಿಸಿದ ಕೆಲಸ ಈ ಗುಡ್ಡೆಯ ಒಳಗನ್ನು ತೆರೆದು ತೋರಿಸಿತು. ಗ್ಲುಟಮೇಟ್ ಎಂಬ ರಾಸಾಯನಿಕ ಸುದ್ದಿಯನ್ನು ಹಿಡಿಯುವ ಆಂಪಾ ಗ್ರಾಹಕಗಳು ಸಿನಾಪ್ಸಿನ ತುಂಬ ಸಮನಾಗಿ ಹರಡಿಕೊಂಡಿಲ್ಲ; ಸುಮಾರು 70 ನ್ಯಾನೊಮೀಟರಿನ ಕೆಲವೇ ಗುಂಪುಗಳಲ್ಲಿ ಒತ್ತೊತ್ತಾಗಿ ನಿಂತಿವೆ, ಗುಂಪಿನಿಂದ ಹೊರಬಿದ್ದವು ಅಲೆದಾಡಿಕೊಂಡಿವೆ. ಸುದ್ದಿ ಬಂದು ಬೀಳುವ ಜಾಗದ ಎದುರಿಗೇ ಗುಂಪು ಇದ್ದರೆ ಒಂದು ಬಗೆ, ಪಕ್ಕದಲ್ಲಿದ್ದರೆ ಇನ್ನೊಂದು ಬಗೆ. ಸಿನಾಪ್ಸಿನ ಬಲ ಗ್ರಾಹಕಗಳ ಸಂಖ್ಯೆಯಷ್ಟೇ ಅವು ನಿಂತ ನೆಲೆಯನ್ನೂ ಅವಲಂಬಿಸುತ್ತದೆ. ಬೆಂಗಳೂರಿಗೆ ಬಂದ ಮೇಲೆ ನಾಯರ್ ತಂಡ ಇದೇ ಕಣ್ಣಿನಿಂದ ಅಮಿಲಾಯ್ಡ್ ಪೂರ್ವಗಾಮಿ ಪ್ರೋಟೀನನ್ನು, ಅಂದರೆ ಅಲ್ಝೈಮರ್ ಕಾಯಿಲೆಯ ಜಿಗುಟು ಗಂಟುಗಳಿಗೆ ಮೂಲವಾದ ಪ್ರೋಟೀನನ್ನು, ನೋಡುತ್ತಿದೆ.

ಗಮನಿಸಬೇಕಾದದ್ದು ಇಲ್ಲೊಂದಿದೆ. ಜೀವಕೋಶದಲ್ಲಿ ಕುತೂಹಲಕಾರಿ ಸಂಗತಿಗಳು ನಡೆಯುವುದೇ ಸಂದಣಿ ಇರುವಲ್ಲಿ. ಒಂಟಿ ಅಣುಗಳನ್ನು ಎಣಿಸಲು ಹುಟ್ಟಿದ ವಿಧಾನಕ್ಕೆ ಅತಿ ಕಷ್ಟವಾಗುವುದೂ ಅಲ್ಲೇ.

ಇನ್ನು ಆಳದ ಮಾತು. ಕ್ಯಾಮೆರಾ ಚಪ್ಪಟೆ, ಕೋಶ ದಪ್ಪ. ಅಣುವೊಂದು ನಾಭಿತಲದಿಂದ, ಅಂದರೆ ಚಿತ್ರ ಸ್ಪಷ್ಟವಾಗಿ ಮೂಡುವ ಮಟ್ಟದಿಂದ, ಮೇಲಿದ್ದರೂ ಕೆಳಗಿದ್ದರೂ ಅದರ ಚುಕ್ಕೆ ಒಂದೇ ತೆರನಾಗಿ ಊದಿಕೊಳ್ಳುತ್ತದೆ. ಊದಿದ್ದು ಯಾವ ಕಡೆಗೆ ಸರಿದದ್ದರಿಂದ ಎಂದು ಹೇಳಲಾಗುವುದಿಲ್ಲ. ಇದಕ್ಕೆ ಜುವಾಂಗ್ ತಂಡದ ಬೊ ಹುವಾಂಗ್ ಮತ್ತು ಸಂಗಡಿಗರು 2008ರಲ್ಲಿ ಮಾಡಿದ ಪರಿಹಾರ ಚೆಂದದ್ದು. ಬೆಳಕಿನ ದಾರಿಯಲ್ಲಿ ಕೊಳವೆಯಾಕಾರದ ಒಂದು ಮಸೂರ ಇಟ್ಟರು. ಕಣ್ಣಿನ ವೈದ್ಯರು ಅಸ್ಟಿಗ್ಮಾಟಿಸಂ ಎಂದು ಬರೆದುಕೊಟ್ಟು ಕನ್ನಡಕದಿಂದ ಸರಿಪಡಿಸುವ ದೋಷವನ್ನೇ ಇವರು ಬೇಕೆಂದು ತಂದಿಟ್ಟರು. ಆಗ ಅಣು ನಾಭಿತಲದಲ್ಲಿದ್ದರೆ ಚುಕ್ಕೆ ಗುಂಡಗೆ, ಮೇಲಿದ್ದರೆ ಅಡ್ಡಕ್ಕೆ ಎಳೆದಂತೆ, ಕೆಳಗಿದ್ದರೆ ಉದ್ದಕ್ಕೆ ಎಳೆದಂತೆ. ಆಕಾರ ನೋಡಿ ಆಳ ಹೇಳಬಹುದು. ಅಡ್ಡಡ್ಡಲಾಗಿ 20ರಿಂದ 30, ಆಳದಲ್ಲಿ 50ರಿಂದ 60 ನ್ಯಾನೊಮೀಟರಿನ ವಿವರ ಸಿಕ್ಕಿತು. ಐದು ವರ್ಷದ ಮೇಲೆ ಅದೇ ಪ್ರಯೋಗಾಲಯ ಈ ವಿಧಾನದಿಂದ ನರತಂತುವಿನ ಒಳಗೋಡೆಯಲ್ಲಿ ಆಕ್ಟಿನ್ ಪ್ರೋಟೀನು ಬಳೆಬಳೆಯಾಗಿ, ಒಂದರಿಂದೊಂದು 180ರಿಂದ 190 ನ್ಯಾನೊಮೀಟರ್ ದೂರದಲ್ಲಿ ಸಾಲಾಗಿ ಜೋಡಿಸಿಕೊಂಡಿರುವುದನ್ನು ಕಂಡಿತು. ನರಕೋಶಗಳನ್ನು ನೂರು ವರ್ಷಕ್ಕೂ ಹೆಚ್ಚು ಕಾಲ ಸೂಕ್ಷ್ಮದರ್ಶಕದಲ್ಲಿ ನೋಡಿಯೂ ಈ ಬಳೆಗಳ ಸುಳಿವು ಯಾರಿಗೂ ಸಿಕ್ಕಿರಲಿಲ್ಲ.

ಆದರೆ ಕೊಳವೆ ಮಸೂರದ ಕೈಗೆ ಎಟುಕುವ ಆಳ ಒಂದು ಮೈಕ್ರೊಮೀಟರಿನ ಒಳಗೇ. ಕೋಶದ ದಪ್ಪ ಅದರ ಐದಾರು ಪಟ್ಟು ಇರುತ್ತದೆ. ಆಳ ಹೆಚ್ಚಿಸಲು ಮೋರ್ನರ್ ಮತ್ತು ಕೊಲರಾಡೊದ ರಾಫೇಲ್ ಪಿಯೆಸ್ತುನ್ ಅವರ ತಂಡಗಳು 2009ರಲ್ಲಿ ಒಂದು ಅಣುವಿನ ಬೆಳಕನ್ನು ಎರಡು ಚುಕ್ಕೆಯಾಗಿ ಸೀಳಿ, ಆಳಕ್ಕೆ ತಕ್ಕಂತೆ ಆ ಜೋಡಿ ಗಿರಕಿ ಹೊಡೆಯುವಂತೆ ಮಾಡಿದವು. ಮೋರ್ನರ್ ಅವರ ಪ್ರಯೋಗಾಲಯದಲ್ಲಿದ್ದಾಗ ಯೋವ್ ಶೆಕ್ಟ್‌ಮನ್ ಇನ್ನೂ ಮುಂದೆ ಹೋಗಿ, ಆರು ಮೈಕ್ರೊಮೀಟರು, ಬೇಕಾದರೆ ಇಪ್ಪತ್ತು ಮೈಕ್ರೊಮೀಟರಿನ ಆಳವನ್ನೂ ಹೇಳಬಲ್ಲ ನಾಲ್ಕು ಕೈಗಳ ಆಕಾರ ರೂಪಿಸಿದರು. ಬಿಟ್ಟಿಯಾಗಿ ಏನೂ ಬರಲಿಲ್ಲ. ಬೆಳಕು ಹೆಚ್ಚು ಜಾಗಕ್ಕೆ ಹರಡಿತು, ಒಂದು ಅಣುವಿನ ಗುರುತು ಹಲವು ಮೈಕ್ರೊಮೀಟರ್ ಅಗಲವಾಯಿತು. ಮೊದಲು ಒಂದು ಚದರ ಮೈಕ್ರೊಮೀಟರಿಗೆ ಒಂದು ಅಣು ಹೊಳೆಯಬಹುದಿತ್ತು. ಈಗ ಹತ್ತು ಚದರ ಮೈಕ್ರೊಮೀಟರಿಗೆ ಒಂದು ಹೊಳೆದರೂ ಪಕ್ಕದವರ ಅಂಗಳಕ್ಕೆ ಕಾಲಿಟ್ಟಂತೆ. ಹತ್ತು ಸಾವಿರ ಚಿತ್ರದ ಲೆಕ್ಕ ಲಕ್ಷಕ್ಕೆ ಏರಿತು. ಆಳ ಕೇಳಿದವರಿಗೆ ಸಂದಣಿ ದುಪ್ಪಟ್ಟು ಶತ್ರು.

ಶತ್ರುತ್ವ ಎಂಥದ್ದು ಎಂಬುದನ್ನು ಕೊಳವೆ ಮಸೂರದ ಉದಾಹರಣೆಯಲ್ಲೇ ನೋಡಿ. ನಾಭಿತಲದಲ್ಲೇ, ಅಕ್ಕಪಕ್ಕದಲ್ಲಿ, ಎರಡು ಅಣುಗಳು ಒಟ್ಟಿಗೆ ಮಿಣುಕಿದವು. ಎರಡು ಗುಂಡು ಚುಕ್ಕೆಗಳು ಕಲೆತು ಅಡ್ಡಕ್ಕೆ ಎಳೆದಂಥ ಒಂದು ಚುಕ್ಕೆಯಾಯಿತು. ಗಣಕದ ಕಡತದಲ್ಲಿ ಅಡ್ಡಕ್ಕೆ ಎಳೆದ ಚುಕ್ಕೆಗೆ ಅರ್ಥ ಒಂದೇ: ಅಣು ಮೇಲಿದೆ. ಹೀಗೆ ಇರುವ ಎರಡು ಅಣುಗಳು ಮಾಯವಾಗಿ, ಇಲ್ಲದ ಒಂದು ಅಣು, ಅದೂ ಇಲ್ಲದ ಎತ್ತರದಲ್ಲಿ, ಪಟ್ಟಿಗೆ ಸೇರುತ್ತದೆ. ಚಪ್ಪಟೆ ಚಿತ್ರದಲ್ಲಿ ಇಂಥ ತಪ್ಪು ಚುಕ್ಕೆಯನ್ನು ನೂರು ನ್ಯಾನೊಮೀಟರು ಆಚೀಚೆ ಮಾಡುತ್ತದೆ. ಮೂರು ಆಯಾಮದಲ್ಲಿ ಅದು ಗೋಡೆಯಿಲ್ಲದಲ್ಲಿ ಗೋಡೆ ಕಟ್ಟುತ್ತದೆ.

ಸಂದಣಿಯನ್ನು ಬಿಡಿಸುವ ಮೊದಲ ಗಟ್ಟಿ ಉಪಾಯ ಬಂದದ್ದು ಜೀವವಿಜ್ಞಾನದಿಂದಲ್ಲ, ಆಕಾಶ ನೋಡುವವರಿಂದ. ಗೋಳಾಕಾರದ ನಕ್ಷತ್ರಗುಚ್ಛದಲ್ಲಿ ಲಕ್ಷಗಟ್ಟಲೆ ತಾರೆಗಳು ಒಂದರ ಮೈಮೇಲೆ ಒಂದು ಬಿದ್ದಂತೆ ಕಾಣುತ್ತವೆ. ಒಂದೊಂದರ ಪ್ರಕಾಶ ಅಳೆಯಲು ಕೆನಡಾದ ಡೊಮಿನಿಯನ್ ಖಭೌತ ವೀಕ್ಷಣಾಲಯದ ಪೀಟರ್ ಸ್ಟೆಟ್ಸನ್ 1987ರಲ್ಲಿ ಡಾವೊಫಾಟ್ ಎಂಬ ತಂತ್ರಾಂಶ ಪ್ರಕಟಿಸಿದರು. ಒಂಟಿ ತಾರೆ ಹೇಗೆ ಕಾಣುತ್ತದೆ ಎಂದು ಮೊದಲು ಕಲಿತುಕೊಳ್ಳುವುದು. ಢಾಳಾಗಿ ಕಾಣುವ ತಾರೆಗಳಿಗೆ ಆ ಅಚ್ಚನ್ನು ಕೂರಿಸಿ ಚಿತ್ರದಿಂದ ಕಳೆಯುವುದು. ಉಳಿದ ಕೊಸರಿನಲ್ಲಿ ಇನ್ನಾರಾದರೂ ಅಡಗಿದ್ದಾರೆಯೇ ಎಂದು ಹುಡುಕುವುದು. ಸಿಕ್ಕವರನ್ನೆಲ್ಲ ಸೇರಿಸಿಕೊಂಡು ಇಡೀ ಗುಂಪಿಗೆ ಒಟ್ಟಿಗೇ ಮತ್ತೆ ಅಚ್ಚು ಕೂರಿಸುವುದು. ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯ ಅನ್ನಪೂರ್ಣಿ ಸುಬ್ರಮಣಿಯಂ ಮತ್ತು ಅವರ ವಿದ್ಯಾರ್ಥಿಗಳು, 2015ರ ಸೆಪ್ಟೆಂಬರಿನಲ್ಲಿ ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕದಿಂದ ನಕ್ಷತ್ರಗುಚ್ಛಗಳ ಚಿತ್ರ ಪಡೆದು ತಾರೆಗಳನ್ನು ಬಿಡಿಬಿಡಿಯಾಗಿ ಅಳೆಯುವಾಗ ಬಳಸಿದ್ದೂ ಇದನ್ನೇ. ಆಕ್ಸ್‌ಫರ್ಡಿನ ಹೋಲ್ಡನ್, ಉಫೋಫ್, ಕಪಾನಿಡಿಸ್ ಎಂಬ ಮೂವರು 2011ರಲ್ಲಿ ಈ ತಂತ್ರಾಂಶವನ್ನು ತಾರೆಗಳಿಂದ ಅಣುಗಳಿಗೆ ತಿರುಗಿಸಿ ಡಾವೊಸ್ಟಾರ್ಮ್ ಎಂದು ಹೆಸರಿಟ್ಟರು. ಮರುವರ್ಷವೇ ಜುವಾಂಗ್ ತಂಡ ಅದಕ್ಕೆ ಆಳವನ್ನೂ ಸೇರಿಸಿತು. ಜ್ಯೋತಿರ್ವರ್ಷಗಳ ಲೆಕ್ಕದ ಉಪಕರಣ ನ್ಯಾನೊಮೀಟರಿಗೆ ಇಷ್ಟು ಸಲೀಸಾಗಿ ಒಗ್ಗಿದ್ದರ ಕಾರಣ ಸರಳ: ಕ್ಯಾಮೆರಾದ ಮಟ್ಟಿಗೆ ಎರಡೂ ಮಸುಕು ಚುಕ್ಕೆಗಳೇ.

ವ್ಯತ್ಯಾಸ ಇಷ್ಟೇ: ತಾರೆಗಳು ನಿಂತಲ್ಲಿ ನಿಂತಿರುತ್ತವೆ ಮತ್ತು ಅವುಗಳ ಅಚ್ಚು ಎಲ್ಲಕ್ಕೂ ಒಂದೇ. ಅಣುಗಳ ಅಚ್ಚು ಆಳಕ್ಕೆ ತಕ್ಕಂತೆ ಬದಲಾಗುತ್ತದೆ. ಸ್ವಿಟ್ಜರ್‌ಲೆಂಡಿನ ಲೊಸಾನಿನ ಡೇನಿಯಲ್ ಸಾಜ್ ಮತ್ತಿತರರು ಜಗತ್ತಿನ ಹತ್ತಾರು ತಂತ್ರಾಂಶಗಳನ್ನು ಒಂದೇ ಕಣಕ್ಕೆ ಇಳಿಸಿ, ಸರಿಯುತ್ತರ ಮೊದಲೇ ಗೊತ್ತಿದ್ದ ಕೃತಕ ಚಿತ್ರಗಳ ಮೇಲೆ ಪರೀಕ್ಷಿಸಿದರು. 2019ರಲ್ಲಿ ಪ್ರಕಟವಾದ ವರದಿಗೆ ಅವರು ಇಟ್ಟ ತುಂಟ ಹೆಸರಿನಲ್ಲಿ ಕುಸ್ತಿ ಅಖಾಡದ ಧಾಟಿಯಿತ್ತು. ದಾವಣಗೆರೆಯ ಗರಡಿಮನೆಯವರು ಮೆಚ್ಚುತ್ತಿದ್ದರೇನೋ. ವಿರಳ ಅಣುಗಳ ಸುತ್ತಿನಲ್ಲಿ ಒಳ್ಳೆಯ ಪಟುಗಳು ಭೌತಶಾಸ್ತ್ರ ಅನುಮತಿಸುವ ಗರಿಷ್ಠ ನಿಖರತೆಯ ಹತ್ತಿರ ಹೋದರು. ಮೂರು ಆಯಾಮದ ಸಂದಣಿಯ ಸುತ್ತಿನಲ್ಲಿ ಬಹುತೇಕರು ಮುಗ್ಗರಿಸಿದರು.

ಅಷ್ಟು ಹೊತ್ತಿಗೆ ನ್ಯೂರಲ್ ನೆಟ್‌ವರ್ಕುಗಳು ಬಾಗಿಲು ತಟ್ಟುತ್ತಿದ್ದವು. ಶೆಕ್ಟ್‌ಮನ್ ಆಗ ಇಸ್ರೇಲಿನ ಟೆಕ್ನಿಯಾನಿನಲ್ಲಿದ್ದರು. ಅವರ ತಂಡದ ಎಲಿಯಾಸ್ ನೆಹ್ಮೆ ಮತ್ತು ಸಂಗಡಿಗರು 2020ರಲ್ಲಿ ಡೀಪ್‌ಸ್ಟಾರ್ಮ್ 3ಡಿ ತಂದರು. ನಾಲ್ಕು ಕೈಗಳ ಆಕಾರಗಳು ಒಂದರೊಳಗೊಂದು ಹೆಣೆದುಕೊಂಡು ಬಿದ್ದಿದ್ದರೂ ಇದು ಬಿಡಿಸುತ್ತದೆ. ಅದಕ್ಕಿಂತ ಮುಖ್ಯವಾದದ್ದು ಅವರು ನೆಟ್‌ವರ್ಕಿಗೇ ಕೇಳಿದ ಪ್ರಶ್ನೆ: ಸಂದಣಿಯಲ್ಲಿ ಬಿಡಿಸಲು ಸುಲಭವಾಗುವಂತೆ ಅಣುವಿನ ಬೆಳಕಿಗೆ ಯಾವ ಆಕಾರ ಕೊಡಬೇಕು? ನೆಟ್‌ವರ್ಕು ಸೂಚಿಸಿದ ಆಕಾರವನ್ನೇ ಬೆಳಕಿನ ದಾರಿಯಲ್ಲಿ ಅಳವಡಿಸಿ, ಕೋಶಕೇಂದ್ರದೊಳಗಿನ ಟೆಲೊಮಿಯರುಗಳನ್ನು, ಅಂದರೆ ವರ್ಣತಂತುಗಳ ತುದಿಗಂಟುಗಳನ್ನು, ಪತ್ತೆ ಹಚ್ಚಿದರು. ನೋಡುವ ಕಣ್ಣನ್ನೂ ಓದುವ ಬುದ್ಧಿಯನ್ನೂ ಒಟ್ಟಿಗೇ ಎರಕ ಹೊಯ್ದ ಕೆಲಸ ಇದು.

2021ರಲ್ಲಿ ಜರ್ಮನಿ ಮತ್ತು ಅಮೆರಿಕದ ಯಾಕೊಬ್ ಮ್ಯಾಕೆ, ಯೋನಾಸ್ ರೀಸ್, ಶ್ರೀನಿವಾಸ್ ತುರಗ ಇವರ ತಂಡಗಳು ಒಟ್ಟಾಗಿ ಡೀಕೋಡ್ ಬಿಟ್ಟವು. ಇದು ಒಂದು ಚಿತ್ರವನ್ನು ಒಂಟಿಯಾಗಿ ನೋಡುವುದಿಲ್ಲ. ಹಿಂದಿನದು, ಈಗಿನದು, ಮುಂದಿನದು ಮೂರನ್ನೂ ನೋಡುತ್ತದೆ. ಹಿಂದಿನ ಚಿತ್ರದಲ್ಲಿ ಒಂಟಿಯಾಗಿ ಹೊಳೆಯುತ್ತಿದ್ದ ಅಣುವಿಗೆ ಈ ಚಿತ್ರದಲ್ಲಿ ಜೊತೆಗಾರ ಬಂದು ಮೇಲೆ ಬಿದ್ದರೆ ಯಾರು ಹಳಬ, ಯಾರು ಹೊಸಬ ಎಂದು ಗೊತ್ತಾಗುತ್ತದೆ. ಪ್ರತಿ ಅಣುವಿಗೂ ಉದ್ದ, ಅಗಲ, ಆಳದ ಜೊತೆಗೆ, ಈ ಉತ್ತರದಲ್ಲಿ ತನಗೆಷ್ಟು ಸಂಶಯವಿದೆ ಎಂಬ ಅಂಕಿಯನ್ನೂ ಕೊಡುತ್ತದೆ. ಅಣುಗಳು ದಟ್ಟವಾಗಿ ಮಿಣುಕಲು ಬಿಡಬಹುದಾದ್ದರಿಂದ, ನಿಮಿಷಗಟ್ಟಲೆ ಹಿಡಿಯುತ್ತಿದ್ದ ಚಿತ್ರ ಜೀವಂತ ಕೋಶದಲ್ಲಿ ಸೆಕೆಂಡುಗಳಿಗೆ ಇಳಿಯಿತು.

ನೆಟ್‌ವರ್ಕಿಗೆ ಪಾಠ ಹೇಳುವ ರೀತಿ ವಿಚಿತ್ರವಾಗಿದೆ. ಸಂದಣಿಯ ನಿಜವಾದ ಚಿತ್ರಗಳಿಗೆ ಸರಿಯುತ್ತರ ಗೊತ್ತಿರುವವರು ಯಾರೂ ಇಲ್ಲ. ಅದಕ್ಕೇ ಗಣಕದಲ್ಲೇ ಅಣುಗಳನ್ನು ಚೆಲ್ಲಿ, ಅವುಗಳ ಮಸುಕು ಚಿತ್ರ ಬರೆದು, ಗದ್ದಲ ಬೆರೆಸಿ, ಲಕ್ಷಾಂತರ ಸುಳ್ಳು ಚಿತ್ರಗಳನ್ನು ಉತ್ತರದ ಸಮೇತ ತೋರಿಸುತ್ತಾರೆ. ಈ ಸುಳ್ಳು ಜಗತ್ತು ನಿಜದ ಜಗತ್ತನ್ನು ಎಷ್ಟು ಹೋಲುತ್ತದೆಯೋ ಉತ್ತರವೂ ಅಷ್ಟೇ ನಂಬಲರ್ಹ. ಸೂಕ್ಷ್ಮದರ್ಶಕದ ಅಚ್ಚನ್ನು ಸಾಮಾನ್ಯವಾಗಿ ಗಾಜಿಗೆ ಅಂಟಿದ ಹೊಳೆಯುವ ಪುಟ್ಟ ಮಣಿಗಳ ಮೇಲೆ ಅಳೆಯುತ್ತಾರೆ. ಕೋಶದ ಆಳಕ್ಕೆ ಇಳಿದರೆ ಎಣ್ಣೆ, ಗಾಜು, ನೀರು ಇವುಗಳಲ್ಲಿ ಬೆಳಕು ಬೇರೆ ಬೇರೆಯಾಗಿ ಬಾಗಿ ಅಚ್ಚು ತಿರುಚಿಕೊಳ್ಳುತ್ತದೆ. ಗಾಜಿನ ಮೇಲಿನ ಮಣಿಯಲ್ಲಿ ಕಲಿತ ನೆಟ್‌ವರ್ಕು ಆ ತಿರುಚನ್ನು ಕಂಡೇ ಇಲ್ಲ. ತಪ್ಪು ಆಳವನ್ನು ಪೂರ್ತಿ ವಿಶ್ವಾಸದಿಂದ ಹೇಳುತ್ತದೆ. ಸಂಶಯದ ಅಂಕಿ ಕೊಡುವುದು ಒಳ್ಳೆಯದೇ. ಆದರೆ ಆ ಸಂಶಯವನ್ನೂ ಅದು ಕಲಿತದ್ದು ಅದೇ ಸುಳ್ಳು ಜಗತ್ತಿನಲ್ಲಿ.

ಇನ್ನೊಂದು ಹಳೆಯ ಕಾಟಕ್ಕೆ ನೆಟ್‌ವರ್ಕು ಇನ್ನೂ ಪೂರ್ತಿ ಮದ್ದಲ್ಲ. ಒಂದೇ ಅಣು ಐದು ಸಲ ಮಿಣುಕಿದರೆ, ಪ್ರತಿ ಸಲವೂ ಲೆಕ್ಕ ಹತ್ತು ನ್ಯಾನೊಮೀಟರು ಆಚೀಚೆ ಬೀಳುವುದರಿಂದ, ನಕ್ಷೆಯಲ್ಲಿ ಐದು ಅಣುಗಳ ಗುಂಪೊಂದು ಕಾಣುತ್ತದೆ. ಪ್ರೋಟೀನುಗಳು ಗುಂಪುಗೂಡಿವೆ ಎಂದು ಉತ್ಸಾಹದಿಂದ ಸಾರಿದ ಆರಂಭದ ವರದಿಗಳಲ್ಲಿ ಕೆಲವನ್ನು ಆಮೇಲೆ ಈ ಕಾರಣಕ್ಕೇ ತಿರುಗಿ ಪರಿಶೀಲಿಸಬೇಕಾಯಿತು. ಮೂಲತಃ ಇದು ಛಾಯಾಚಿತ್ರವಲ್ಲ, ವಿಳಾಸಗಳ ಪಟ್ಟಿ. ಪಟ್ಟಿಯಲ್ಲಿ ಒಂದೇ ಮತದಾರನ ಹೆಸರು ಐದು ಕಡೆ ಇರಬಹುದು, ಸತ್ತವರದ್ದೂ ಇರಬಹುದು. ಬಣ್ಣ ತುಂಬಿದ ಸುಂದರ ಚಿತ್ರ ನೋಡುವಾಗ ಇದು ಮರೆತುಹೋಗುತ್ತದೆ. ವಿಜ್ಞಾನ ಪತ್ರಿಕೆಗಳ ಮುಖಪುಟಗಳು ಮರೆಸಲು ಸಾಕಷ್ಟು ಸಹಾಯವನ್ನೂ ಮಾಡುತ್ತವೆ.

ಅಣುಗಳ ವಿಳಾಸವನ್ನೇ ಹುಡುಕದೆ ಸಂದಣಿಯನ್ನು ಅಳೆದ ಕೆಲಸವೂ ಬೆಂಗಳೂರಿನಲ್ಲೇ, ಈ ನೆಟ್‌ವರ್ಕುಗಳಿಗಿಂತ ಬಹಳ ಮೊದಲೇ ಆಗಿದೆ ಎಂಬುದು ಹೆಚ್ಚು ಜನರಿಗೆ ಗೊತ್ತಿಲ್ಲ. ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರದ ಸತ್ಯಜಿತ್ ಮೇಯರ್ ಮತ್ತು ಅವರ ವಿದ್ಯಾರ್ಥಿ ರಜತ್ ವರ್ಮ 1998ರಲ್ಲಿ, ಕೋಶದ ಹೊರಪೊರೆಗೆ ಕೊಬ್ಬಿನ ಲಂಗರು ಹಾಕಿ ನಿಂತ ಒಂದು ಜಾತಿಯ ಪ್ರೋಟೀನುಗಳು 70 ನ್ಯಾನೊಮೀಟರಿಗಿಂತ ಚಿಕ್ಕ ಗುಂಪುಗಳಲ್ಲಿವೆ ಎಂದು ತೋರಿಸಿದರು. ಪಾಮ್ ಹುಟ್ಟಲು ಇನ್ನೂ ಎಂಟು ವರ್ಷವಿತ್ತು. ಅವರು ಹಿಡಿದ ಹಾದಿ ಬೆಳಕಿನ ಕಂಪನದ ದಿಕ್ಕಿನದು. ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಅಣುವಿಗೆ ಕೊಟ್ಟರೆ, ಒಂಟಿ ಅಣು ಹೆಚ್ಚುಕಡಿಮೆ ಅದೇ ದಿಕ್ಕಿನ ಬೆಳಕನ್ನು ಹಿಂದಿರುಗಿಸುತ್ತದೆ. ಕೆಲವೇ ನ್ಯಾನೊಮೀಟರ್ ದೂರದಲ್ಲಿ ಅಂಥದ್ದೇ ಇನ್ನೊಂದು ಅಣು ಇದ್ದರೆ ಮೊದಲನೆಯದು ತನ್ನ ಶಕ್ತಿಯನ್ನು ಅದಕ್ಕೆ ದಾಟಿಸಿಬಿಡುತ್ತದೆ. ಎರಡನೆಯದು ಬೇರೆ ದಿಕ್ಕಿಗೆ ಮುಖ ಮಾಡಿರುವುದರಿಂದ ಹೊರಬರುವ ಬೆಳಕಿನ ದಿಕ್ಕು ಕಲಸಿಹೋಗುತ್ತದೆ. ಎಷ್ಟು ಕಲಸಿದೆ ಎಂದು ಅಳೆದರೆ ಎಷ್ಟು ಅಣುಗಳಿಗೆ ಅಷ್ಟು ಹತ್ತಿರದ ನೆರೆಯವರಿದ್ದಾರೆ ಎಂದು ತಿಳಿಯುತ್ತದೆ. ಸಿದ್ಧಾಂತಿ ಮದನ್ ರಾವ್ ಅವರೂ ಸೇರಿದ 2004ರ ಕೆಲಸದಲ್ಲಿ ಚಿತ್ರ ಇನ್ನಷ್ಟು ಸ್ಪಷ್ಟವಾಯಿತು: ನೂರರಲ್ಲಿ 20ರಿಂದ 40 ಅಣುಗಳು ಗುಂಪುಗಳಲ್ಲಿವೆ, ಗುಂಪಿನ ಅಳತೆ 5 ನ್ಯಾನೊಮೀಟರಿನೊಳಗೆ, ಒಂದು ಗುಂಪಿನಲ್ಲಿ ಹೆಚ್ಚೆಂದರೆ ನಾಲ್ಕು.

ನಾಲ್ಕೇ ನಾಲ್ಕು, ಅದೂ 5 ನ್ಯಾನೊಮೀಟರಿನಲ್ಲಿ. ಚುಕ್ಕೆಯ ನಡು ಹುಡುಕುವ ಸಾಮಾನ್ಯ ವಿಧಾನಕ್ಕೆ ಇಂದಿಗೂ ಇದು ಬಲು ಬಿಗಿ ಪರೀಕ್ಷೆ. ಹಾಗೆಂದು ಮೇಯರ್ ಹಾದಿ ಎಲ್ಲಕ್ಕೂ ಸಲ್ಲುವುದಿಲ್ಲ. ಅದು ಎಷ್ಟು ಗುಂಪುಗೂಡಿವೆ ಎಂದು ಹೇಳುತ್ತದೆಯೇ ಹೊರತು ಯಾವ ಅಣು ಎಲ್ಲಿದೆ ಎಂದಲ್ಲ. ಎರಡನ್ನೂ ಜೊತೆಗಿಟ್ಟು ತಾಳೆ ನೋಡಿದರೆ ನೆಟ್‌ವರ್ಕು ಕಂಡ ಗುಂಪು ನಿಜವೋ, ಒಂದೇ ಅಣುವಿನ ಐದು ಮಿಣುಕೋ ಎಂಬ ಜಗಳಕ್ಕೆ ಒಬ್ಬ ಸಾಕ್ಷಿಯಾದರೂ ಸಿಗುತ್ತದೆ. ವಿಜ್ಞಾನ ಸಂಸ್ಥೆಯ ಉಪಕರಣ ಮತ್ತು ಅನ್ವಯಿಕ ಭೌತಶಾಸ್ತ್ರ ವಿಭಾಗದ ಪಾರ್ಥಪ್ರತಿಮ ಮಂಡಲ್ ಅವರದು ಮತ್ತೊಂದು ನಂಟು: ಒಂಟಿ ಅಣುಗಳ ಪತ್ತೆಯ ಜೊತೆಗೆ, ಇಡೀ ಕೋಶದ ಬದಲು ಬೆಳಕಿನ ತೆಳು ಹಾಳೆಯೊಂದನ್ನು ಅಡ್ಡಲಾಗಿ ತೂರಿಸಿ ಆ ಪದರವನ್ನಷ್ಟೇ ಬೆಳಗುವ ವಿಧಾನಗಳನ್ನೂ ಅವರ ತಂಡ ಬೆಳೆಸುತ್ತಿದೆ. ಬೆಳಗದ ಪದರದ ಅಣುಗಳು ಚಿತ್ರಕ್ಕೆ ಬಂದು ಗದ್ದಲ ಮಾಡುವುದಿಲ್ಲ. ಅಷ್ಟರಮಟ್ಟಿಗೆ ಸಂದಣಿ ಹುಟ್ಟುವ ಮೊದಲೇ ಕರಗುತ್ತದೆ.

ಇದರಲ್ಲಿ ದಾವಣಗೆರೆಯಂಥ ಊರಿಗೆ ಕೈಗೆಟುಕುವ ಭಾಗ ಯಾವುದು ಎಂದು ಯುಬಿಡಿಟಿ ಕಾಲೇಜಿನಲ್ಲೋ ತೋಳಹುಣಸೆಯ ವಿಶ್ವವಿದ್ಯಾಲಯದಲ್ಲೋ ಓದುವವರು ಕೇಳಿದರೆ, ಉತ್ತರ ನಿರಾಶೆಯದ್ದಲ್ಲ. ಸೂಕ್ಷ್ಮದರ್ಶಕಕ್ಕೆ ಕೋಟಿಗಳ ಲೆಕ್ಕ. ಲೆಕ್ಕ ಮಾಡುವ ಅರ್ಧ ಮಾತ್ರ ಬಿಟ್ಟಿ. ಥಂಡರ್‌ಸ್ಟಾರ್ಮ್ ಎಂಬ ತಂತ್ರಾಂಶ 2014ರಿಂದ ಇಮೇಜ್‌ಜೆ ಎಂಬ ಚಿತ್ರ ವಿಶ್ಲೇಷಣೆಯ ತಂತ್ರಾಂಶದ ಜೊತೆ ಉಚಿತವಾಗಿ ಸಿಗುತ್ತದೆ, ಸಾಧಾರಣ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ. ಡೀಕೋಡ್‌ನ ಮೂಲಸಂಕೇತ ತೆರೆದಿಟ್ಟದ್ದು. ಸ್ವಂತ ಗ್ರಾಫಿಕ್ಸ್ ಕಾರ್ಡ್ ಇಲ್ಲದವರಿಗಾಗಿ ಬ್ರೌಸರಿನಲ್ಲೇ ತರಬೇತಿ ಕೊಡುವ ನೋಟ್‌ಬುಕ್ಕುಗಳೂ ಇವೆ. ಲೊಸಾನಿನವರು ಅಖಾಡಕ್ಕೆ ಬಳಸಿದ ಕೃತಕ ಚಿತ್ರಗಳನ್ನು ಯಾರು ಬೇಕಾದರೂ ಇಳಿಸಿಕೊಂಡು ತಮ್ಮ ಉಪಾಯ ಹಚ್ಚಿ ನೋಡಬಹುದು. ಪಾಠ ಕಲಿಸುವ ಚಿತ್ರಗಳೆಲ್ಲ ಗಣಕದಲ್ಲೇ ಹುಟ್ಟುವುದರಿಂದ ಜೀವಕೋಶವೂ ಬೇಡ, ಲೇಸರೂ ಬೇಡ. ಹೊರಗಿನಿಂದ ತರಿಸಲೇಬೇಕಾದದ್ದು ಒಂದು ಕಡತ ಮಾತ್ರ: ಯಾವ ಸೂಕ್ಷ್ಮದರ್ಶಕದ ಚಿತ್ರಗಳನ್ನು ಬಿಡಿಸಬೇಕೋ ಅದರಲ್ಲೇ ಒಂದು ಹೊಳೆಯುವ ಮಣಿಯನ್ನು ಮೇಲಿಂದ ಕೆಳಕ್ಕೆ ಹಂತಹಂತವಾಗಿ ಸರಿಸಿ ತೆಗೆದ ಚಿತ್ರಗಳ ಸರಣಿ.